ಹನ್ನೊಂದು ಗಂಟೆಗೆ ಬರುವಾಕೆ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 12.10

ಪುಟ್ಟಿ ಕೊನೆಗೂ ಮಲಗಿದಳು. ಒಂದು ಕೈ ಅವಳ ಬೆನ್ನ ಮೇಲೆ, ಇನ್ನೊಂದರಲ್ಲಿ ಪೆನ್ನು. ಕೈ ತೆಗೆದರೆ ಎದ್ದುಬಿಡುತ್ತಾಳೆ.

ನಿನ್ನೆಯ ನಿದ್ದೆ ಎರಡು ಗಂಟೆ ಇಪ್ಪತ್ತು ನಿಮಿಷ. ಅದೂ ಮೂರು ತುಂಡು. ಐದು ತಿಂಗಳಿಂದ ಇಷ್ಟೇ.

ಬೆಳಿಗ್ಗೆ ಅತ್ತೆ ಫ್ರಿಜ್ ತೆಗೆದು ನಗತೊಡಗಿದರು. ಹಾಲಿನ ಪಕ್ಕದಲ್ಲಿ ಪುಟ್ಟಿಯ ಕಾಲುಚೀಲ, ನೀಟಾಗಿ ಮಡಿಸಿಟ್ಟದ್ದು. "ಏನೇ ಇದು, ಮಗೂಗೆ ಸೆಕೆ ಅಂತ ತಣ್ಣಗೆ ಮಾಡಿ ಹಾಕ್ತೀಯಾ?" ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಪೂರ್ತಿ ಬಿಟ್ಟೆ. ಸದ್ದು ಬೇಕಿತ್ತು.

ಚಹಾ ಕುಡಿಯುತ್ತಾ ಅತ್ತೆ ಮತ್ತೆ ಕೇಳಿದರು, ಈ ಲ್ಯಾಪ್‌ಟಾಪಿನಲ್ಲಿ ನಾನು ಮಾಡುವುದಾದರೂ ಏನು ಅಂತ. ಕ್ಲಿನಿಕ್ಕಿನ ವೆಬ್‌ಸೈಟ್ ತೆಗೆದು ತೋರಿಸಿದೆ. ಬಾಣಂತಿಯರ ಮನಸ್ಸಿನ ಆರೋಗ್ಯ ನೋಡುವ ಕ್ಲಿನಿಕ್. ಜನ ಬರುತ್ತಾರೆ, ಮೊದಲ ಪುಟ ನೋಡುತ್ತಾರೆ, ಕೆಲವರು ಹತ್ತು ಪ್ರಶ್ನೆಗೆ ಉತ್ತರ ಕೊಡುತ್ತಾರೆ, ಅದರಲ್ಲಿ ಕೆಲವರು ಫಲಿತಾಂಶ ನೋಡುತ್ತಾರೆ, ಅದರಲ್ಲೂ ಕೆಲವರು ಫೋನ್ ನಂಬರ್ ಕೊಟ್ಟು ಅಪಾಯಿಂಟ್‌ಮೆಂಟ್ ತಗೊಳ್ಳುತ್ತಾರೆ. ಎಲ್ಲೆಲ್ಲಿ ಎಷ್ಟು ಜನ ಬಿಟ್ಟುಹೋದರು ಅಂತ ನೋಡೋದು ನನ್ನ ಕೆಲಸ. ಇದಕ್ಕೆ ಫನೆಲ್ ಅಂತಾರೆ ಅತ್ತೆ, ಎಣ್ಣೆ ಸುರಿಯೋ ಆಲಿಕೆ ಥರ, ಮೇಲೆ ಅಗಲ, ಕೆಳಗೆ ಸಣ್ಣ, ಅಂದೆ.

"ಆಲಿಕೆಗೆ ಹಾಕಿದ್ದೆಲ್ಲ ಕೆಳಗೆ ಬರುತ್ತಲ್ಲೇ. ನಿಮ್ಮದ್ಯಾವ ಸೀಮೆ ಆಲಿಕೆ? ಜರಡಿ ಅನ್ನು."

ನಾಲ್ಕು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಮಾರ್ಚ್ 5, ಗುರುವಾರ. 12.30

ಆಕೆ ಇವತ್ತೂ ಬಂದಿದ್ದಳು.

ಸಾಫ್ಟ್‌ವೇರ್ ಪ್ರಕಾರ ವಿಸಿಟರ್ 441. ನನ್ನ ಪ್ರಕಾರ ಹನ್ನೊಂದು ಗಂಟೆಯಾಕೆ. ಎರಡು ವಾರದಿಂದ ಹೆಚ್ಚುಕಡಿಮೆ ದಿನಾ ಹನ್ನೊಂದರ ಹೊತ್ತಿಗೆ ಬರುತ್ತಾಳೆ. ಇದೇ ಊರು. ಹಳೇ ಟ್ಯಾಬು, ಅಕ್ಷರ ದೊಡ್ಡದು ಮಾಡಿಕೊಂಡಿದ್ದಾಳೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಬೆರಳು ಎಲ್ಲಿ ಎಷ್ಟು ಹೊತ್ತು ನಿಂತಿತು ಅನ್ನುವುದು ಗೊತ್ತು. ಪ್ರತಿ ಭೇಟಿಯೂ ಪುಟ್ಟ ಸಿನಿಮಾದ ಹಾಗೆ ರೆಕಾರ್ಡ್ ಆಗುತ್ತದೆ, ಬೇಕಾದಾಗ ನೋಡಬಹುದು. ಕಿಂಡಿಯಲ್ಲಿ ಇಣುಕಿದ ಹಾಗೆ ಅನ್ನಿಸುತ್ತದೆ. ಆದರೂ ನೋಡುತ್ತೇನೆ.

ಒಂಬತ್ತು ಪ್ರಶ್ನೆ ನಿಧಾನವಾಗಿ ತುಂಬುತ್ತಾಳೆ. ಹತ್ತನೆಯದಕ್ಕೆ ಬಂದು ನಿಲ್ಲುತ್ತಾಳೆ.

ಹತ್ತನೆಯದು ಹೀಗಿದೆ: "ನಾನು ಇಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು ಎಂದು ಕಳೆದ ಏಳು ದಿನಗಳಲ್ಲಿ ಅನ್ನಿಸಿದೆಯೇ?" ಇಲ್ಲವೇ ಇಲ್ಲ, ಅಪರೂಪಕ್ಕೆ, ಆಗಾಗ, ಹೆಚ್ಚಾಗಿ. ನಾಲ್ಕರಲ್ಲಿ ಒಂದು ಒತ್ತಬೇಕು.

ಇವತ್ತು ಹನ್ನೊಂದು ನಿಮಿಷ ನಿಂತಳು. ಕೆಳಗಿನ "ಬೇರೇನಾದರೂ ಹೇಳಬೇಕೆ?" ಚೌಕದಲ್ಲಿ ಏನೋ ಟೈಪ್ ಮಾಡಿದಳು. ಜನ ಬರೆದದ್ದು ನಮಗೆ ಓದಲು ಬಾರದ ಹಾಗೆ ಮರೆಮಾಡಿರುತ್ತೇವೆ, ಬರೀ ನಕ್ಷತ್ರಗಳು ಕಾಣುತ್ತವೆ. ಮೂವತ್ತೆಂಟು ನಕ್ಷತ್ರ. ಆಮೇಲೆ ಒಂದೊಂದಾಗಿ ಅಳಿಸಿದಳು. ಇದ್ದಕ್ಕಿದ್ದಂತೆ ಪುಟ ಮುಚ್ಚಿತು, ಯಾರೋ ಕೋಣೆಯೊಳಗೆ ಬಂದ ಹಾಗೆ.

ಯಾರ ಮನೆಯ ಮಗಳೋ. ನನ್ನ ವಯಸ್ಸಿನವಳೇ ಇರಬೇಕು. ತೆಳ್ಳಗೆ, ಒಂಟಿಯಾಗಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು...

ಫಾರ್ಮ್ ಕೆಲಸ ಮಾಡುತ್ತಿದೆಯೇ ಅಂತ ವಾರಕ್ಕೊಮ್ಮೆ ನಾನೂ ತುಂಬಿ ನೋಡಬೇಕು. ಹತ್ತಕ್ಕೂ ಮೊದಲ ಆಯ್ಕೆಯನ್ನೇ ಪಟಪಟ ಒತ್ತುತ್ತೇನೆ. ಇವತ್ತು ಹತ್ತನೆಯದರ ಹತ್ತಿರ ಬೆರಳು ಸ್ವಲ್ಪ ತಡವಾಯಿತು. ನಿದ್ದೆ ಇಲ್ಲವಲ್ಲ, ಅದಕ್ಕೆ.

ನಾಳೆ: ಡೈಪರ್. ಗ್ಯಾಸ್ ಬುಕ್. ಮನೆಯ ಇಂಟರ್‌ನೆಟ್ ಬದಲಾಯಿಸಿ ತಿಂಗಳಾಯಿತು, ನಮ್ಮ ಮನೆಯ ಭೇಟಿಗಳನ್ನು ಲೆಕ್ಕದಿಂದ ಹೊರಗಿಡುವ ಫಿಲ್ಟರಿನಲ್ಲಿ ಇನ್ನೂ ಹಳೇ ಕನೆಕ್ಷನ್ನಿನ ವಿಳಾಸವೇ ಇದೆ. ಸರಿಮಾಡಬೇಕು.

ಮಾರ್ಚ್ 9, ಸೋಮವಾರ. ಸಂಜೆ 4

ಡೈಪರ್ ಬಂತು. ಉಳಿದದ್ದು ಇಲ್ಲ.

ಪರ್ಸೆಂಟಣ್ಣ ಫೋನ್ ಮಾಡಿದ್ದರು. ನಮ್ಮ ಮ್ಯಾನೇಜರ್. ಮಗು ಹುಟ್ಟಿದಾಗ "ತೂಕ ಎಷ್ಟು" ಅಂತ ಕೇಳಿ, "ಆವರೇಜ್‌ಗಿಂತ ಆರು ಪರ್ಸೆಂಟ್ ಜಾಸ್ತಿ, ಗುಡ್" ಅಂದವರು. ಅವತ್ತಿನಿಂದ ಈ ಹೆಸರು. ಇವರೇ ಇಟ್ಟದ್ದು, ನನ್ನ ಗಂಡ.

"ಮೇಡಂ, ಹತ್ತನೇ ಪ್ರಶ್ನೇಲಿ ಅರ್ಧಕ್ಕಿಂತ ಹೆಚ್ಚು ಜನ ಎದ್ದು ಹೋಗ್ತಿದಾರೆ. ಅಲ್ಲೇ ತೂತು."

"ಸರ್, ಅದು ಕ್ಲಿನಿಕ್ಕಿನ ಡಾಕ್ಟರಮ್ಮ ಕೊಟ್ಟಿರೋ ಪ್ರಶ್ನೆ."

"ಡಾಕ್ಟರಮ್ಮ ಡಾಕ್ಟರ್‌ಗಿರಿ ಮಾಡ್ಲಿ. ಒಂದು ವಾರ ತೆಗೆದು ನೋಡಿ. ನಂಬರ್ ಚೆನ್ನಾಗಿ ಬಂದ್ರೆ ನಾನೇ ಅವರ ಹತ್ರ ಮಾತಾಡ್ತೀನಿ."

"ಅರ್ಧ ಜನಕ್ಕೆ ಮಾತ್ರ ತೆಗೆದು, ಇನ್ನರ್ಧಕ್ಕೆ ಇಟ್ಟು ಹೋಲಿಸೋಣ ಸರ್. ಅದು ಸರಿಯಾದ ಕ್ರಮ."

"ಅಷ್ಟೆಲ್ಲ ಟೈಮ್ ಎಲ್ಲಿದೆ. ಎಲ್ಲರಿಗೂ ತೆಗೀರಿ. ಲೀವಲ್ಲೂ ಮನೆಯಿಂದ ಕೆಲಸ ಮಾಡ್ತಿದೀರಿ, ವಾಪಸ್ ಬಂದ ಮೇಲೆ ತೋರಿಸೋಕೆ ಏನಾದ್ರೂ ಬೇಕಲ್ವಾ?"

ಕೊನೆಯ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಆಯ್ತು ಸರ್ ಅಂದೆ.

ಹೇಳಿಬಿಡಬೇಕು, ಇಲ್ಲಾದರೂ. ಅವರು ಒತ್ತಾಯಿಸಿದರು ನಿಜ. ಆದರೆ ಆ ಪ್ರಶ್ನೆ ತೆಗೆಯುವಾಗ ನನಗೆ ಹಗುರವಾಯಿತು. ಇನ್ನು ವಾರ ವಾರ ಅದನ್ನು ಓದಬೇಕಾಗಿಲ್ಲ.

ಇನ್ನೊಂದು ತಪ್ಪೂ ಮಾಡಿದೆ. ಆ ಚೌಕದ ಮರೆ ತೆಗೆದೆ. ಇವತ್ತಿನಿಂದ ಬರುವವರು ಬರೆದದ್ದು ಹಾಗೇ ಕಾಣುತ್ತದೆ. "ಜನ ಯಾಕೆ ಬಿಡುತ್ತಾರೆ ತಿಳಿಯಲು" ಅಂತ ಕಾರಣ ನಮೂದಿಸಿದೆ. ಸುಳ್ಳು. ಹನ್ನೊಂದು ಗಂಟೆಯಾಕೆ ಏನು ಬರೆಯುತ್ತಾಳೆ ಅಂತ ನನಗೆ ತಿಳಿಯಬೇಕಿತ್ತು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ.

ಮಾರ್ಚ್ 13, ಶುಕ್ರವಾರ. 2.45

ಫಲಿತಾಂಶ ನೋಡುವವರ ಪ್ರಮಾಣ ನೂರಕ್ಕೆ ಹದಿನೆಂಟು ಇದ್ದದ್ದು ನಲವತ್ತೊಂದು. ಪರ್ಸೆಂಟಣ್ಣ ಗ್ರೂಪಿನಲ್ಲಿ ಮೂರು ಹೆಬ್ಬೆಟ್ಟು ಹಾಕಿದ್ದಾರೆ.

441 ಮೂರು ದಿನ ಬಂದಿರಲಿಲ್ಲ, ಇವತ್ತು ಬಂದು ಮುಗಿಸಿದಳು. ಮೊದಲ ಸಲ. ಹತ್ತನೆಯದು ಇಲ್ಲವಲ್ಲ, ನಿಲ್ಲಲು ಜಾಗವೇ ಇರಲಿಲ್ಲ. ಒಟ್ಟು ಅಂಕ ಹನ್ನೊಂದು. ಹನ್ನೆರಡು ದಾಟಿದರೆ "ದಯವಿಟ್ಟು ನಮ್ಮ ಜೊತೆ ಮಾತನಾಡಿ" ಅಂತ ಬರುತ್ತದೆ, ಪಕ್ಕದಲ್ಲಿ ನಂಬರ್. ಹನ್ನೊಂದಕ್ಕೆ ಬರುವುದು ಬೇರೆ. "ಚಿಂತೆ ಬೇಡ. ನಿಮ್ಮ ಅನುಭವ ಸಹಜ. ವಿಶ್ರಾಂತಿ ತೆಗೆದುಕೊಳ್ಳಿ." ಹಸಿರು ಬಣ್ಣ. ಆ ಹಸಿರು ಆರಿಸಿದ್ದೂ ನಾನೇ.

ಪಟ್ಟಿಯಲ್ಲಿ ಇಷ್ಟು ಕಂಡಿತು. ರೆಕಾರ್ಡಿಂಗ್ ನೋಡಲಿಲ್ಲ. ನೋಡಬೇಕೆಂದೇ ಮರೆ ತೆಗೆದವಳು, ಈಗ ಧೈರ್ಯ ಬರುತ್ತಿಲ್ಲ.

ಊಟಕ್ಕೆ ಕೂತಾಗ ಅತ್ತೆ ತುಂಬ ಗೆಲುವಾಗಿದ್ದರು. "ಭಾನುವಾರ ಹೊರಡ್ತೀನಿ ಕಣೆ. ಐದು ತಿಂಗಳಾಯ್ತು, ನನ್ನ ಮನೆ ಗಿಡಗಳು ನನ್ನ ಮುಖ ಮರ್ತಿರ್ತಾವೆ."

ಎರಡು ಸಲ ಟಿಕೆಟ್ ಕ್ಯಾನ್ಸಲ್ ಮಾಡಿಸಿದವರು. ಇವರು "ಯಾಕಮ್ಮ, ಇನ್ನೊಂದು ವಾರ ಇರು" ಅಂದರೆ, "ಇನ್ನೇನು ಭಯ ಇಲ್ಲ ಬಿಡೋ, ಅವಳು ಗಟ್ಟಿ ಇದಾಳೆ" ಅಂದು ನನ್ನ ತಟ್ಟೆಗೆ ಬಡಿಸಿದರು.

ಇರಿ ಅನ್ನಬೇಕಿತ್ತು. ಬಾಯಿ ತುಂಬ ಅನ್ನ ಇಟ್ಟುಕೊಂಡು ತಲೆಯಾಡಿಸಿದೆ.

ಮಾರ್ಚ್ 15, ಭಾನುವಾರ

ಹೋದರು. ಬಸ್ ಹತ್ತುವಾಗ ಕೆನ್ನೆ ಹಿಡಿದು ಒಂದು ಕ್ಷಣ ನೋಡಿದರು. "ಏನಾದ್ರೂ ಇದ್ರೆ ಹೇಳ್ತೀಯಲ್ವಾ?"

"ಏನಿರುತ್ತೆ ಅತ್ತೆ."

ಹಳೇ ಟ್ಯಾಬು ಟಿವಿ ಪಕ್ಕ ಬಿಟ್ಟುಹೋಗಿದ್ದಾರೆ. "ಅಲ್ಲಿ ನಂಗ್ಯಾಕೆ, ಧಾರಾವಾಹಿ ಟಿವೀಲೇ ಬರುತ್ತೆ" ಅಂತ.

ಮಾರ್ಚ್ 19, ಗುರುವಾರ. 11.20

ಮೂರು ದಿನ ಬರೆದಿಲ್ಲ. ಇವರದು ಎರಡನೇ ಪಾಳಿ, ಹನ್ನೆರಡಕ್ಕೇ ಹೊರಡುತ್ತಾರೆ. ಆಮೇಲೆ ಪುಟ್ಟಿ, ನಾನು, ಗಡಿಯಾರ. ಹಾಲು ಉಕ್ಕಿ ಒಲೆಯೆಲ್ಲ ಮುಚ್ಚಿತು, ನೋಡುತ್ತಾ ನಿಂತಿದ್ದೆ. ಎಷ್ಟು ಹೊತ್ತು ಗೊತ್ತಿಲ್ಲ. ಪುಟ್ಟಿ ಒಳಗೆ ಅಳುತ್ತಿದ್ದಳು. ಇವಳಿಗೆ ಇನ್ನೂ ಒಳ್ಳೆಯ ತಾಯಿ ಸಿಗಬೇಕಿತ್ತು ಅಂತ ಅನ್ನಿಸಿತು. ಬೇಜಾರೂ ಆಗಲಿಲ್ಲ, ಅಂಗಡಿಯಲ್ಲಿ ಬೆಲೆ ಓದಿದ ಹಾಗೆ ಸುಮ್ಮನೆ ಅನ್ನಿಸಿತು. ಅದೇ ಹೆದರಿಕೆ.

441 ಬಂದಿಲ್ಲ. ಸೋಮವಾರ ಇಲ್ಲ, ಮಂಗಳವಾರ ಇಲ್ಲ. ಇವತ್ತೂ ಇಲ್ಲ. ಚಿಂತೆ ಬೇಡ ಅಂದೆನಲ್ಲ, ಯಾಕೆ ಬರುತ್ತಾಳೆ. ಅಥವಾ...

ಅದೇ ದಿನ, 1.15

ಡಾಕ್ಟರಮ್ಮ ಫೋನ್ ಮಾಡಿದ್ದರು. ಅವರು ಜೋರು ಮಾಡುವವರಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಅಮ್ಮಾ, ಹತ್ತನೇದು ಎಲ್ಲಿ ಹೋಯ್ತು?"

"ಮೇಡಂ, ಏನೋ ಟೆಕ್ನಿಕಲ್..." ಅಂದೆ. ನಾಲಿಗೆ ತಾನೇ ಅಂದುಬಿಟ್ಟಿತು.

"ಹತ್ತನೇದಕ್ಕೆ ಹೌದು ಅಂದವರದು ವಾರಕ್ಕೆ ಮೂರು ನಾಲ್ಕು ಹೆಸರು ಬರ್ತಿತ್ತು ನನಗೆ. ಹತ್ತು ದಿನದಿಂದ ಒಂದೂ ಇಲ್ಲ. ಎಲ್ಲರೂ ಒಟ್ಟಿಗೆ ಚೆನ್ನಾಗಿ ಆಗ್ಬಿಟ್ರಾ ಅಂತ ನೋಡಿದೆ."

ಪುಟ್ಟಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡೆ.

"ಆ ಪ್ರಶ್ನೆ ಅಂಕಕ್ಕೆ ಇಟ್ಟಿದ್ದಲ್ಲಮ್ಮ. ಒಟ್ಟು ಎಷ್ಟೇ ಬರ್ಲಿ, ಅದೊಂದಕ್ಕೆ 'ಅಪರೂಪಕ್ಕೆ' ಅಂದಿದ್ರೂ ಅಲ್ಲೇ ನಂಬರ್ ಕೇಳಿ ಅವತ್ತೇ ನಾವು ಫೋನ್ ಮಾಡ್ತೀವಿ. ಉಳಿದ ಒಂಬತ್ತು ಇರೋದೇ ಅಲ್ಲಿವರೆಗೆ ಕೈ ಹಿಡ್ಕೊಂಡು ಕರ್ಕೊಂಡು ಬರೋಕೆ."

ನಾನು ಅದನ್ನು ತೂತು ಅಂದುಕೊಂಡಿದ್ದೆ. ಬಾಗಿಲಂತೆ.

ಈಗ ರೆಕಾರ್ಡಿಂಗ್ ನೋಡಲೇಬೇಕು. ಆಕೆ ಯಾರು ಅಂತ ಒಂದು ಸುಳಿವಾದರೂ ಸಿಕ್ಕರೆ.

ಅದೇ ದಿನ, 2

ನೋಡಿದೆ. ಶುಕ್ರವಾರದ್ದು. ಬೆಳಿಗ್ಗೆ 11.06ರಿಂದ 11.37.

ಮೊದಲನೇ ಪ್ರಶ್ನೆ, ಮನಸಾರೆ ನಗಲು ಆಗುತ್ತಿದೆಯೇ. ಬೆರಳು "ಮೊದಲಿನಂತೆಯೇ" ಮೇಲೆ ನಿಂತು, ಕೆಳಗೆ ಜಾರಿ, "ಮೊದಲಿಗಿಂತ ಕಡಿಮೆ" ಒತ್ತಿತು. ಒಂದೊಂದಕ್ಕೂ ಹೀಗೇ, ಯೋಚಿಸಿ ಯೋಚಿಸಿ. ಪರೀಕ್ಷೆ ಬರೆಯುವ ಮಗುವಿನ ಹಾಗೆ.

ಆಮೇಲೆ ಚೌಕ. ಅಕ್ಷರಗಳು ಒಂದೊಂದಾಗಿ ಬಂದವು, ತಪ್ಪುಗಳ ಸಮೇತ.

"ಮಗುವಿನ ಕಾಲುಚೀಲ ಫ್ರಿಜ್ಜಲ್ಲಿ ಇತ್ತು ನಾನು ನಕ್ಕುಬಿಟ್ಟೆ ನಗಬಾರದಿತ್ತು"

ಅಳಿಸಿತು.

"ಸ್ನಾನಕ್ಕೆ ಹೋದರೆ ನಲ್ಲಿ ಬಿಟ್ಟುಕೊಂಡು ಅಳುತ್ತಾಳೆ ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ"

ಅಳಿಸಿತು.

"ಸೊಸೆ ಬದಲು ಅತ್ತೆ ತುಂಬಬಹುದೇ. ಹೋದ ವಾರ ಇದ್ದ ಕೊನೇ ಪ್ರಶ್ನೆ ಈಗ ಕಾಣುತ್ತಿಲ್ಲ. ಅದನ್ನು ಅವಳ ಹತ್ತಿರ ಕೇಳಲು ನನಗೆ ಬಾಯಿ ಬರಲಿಲ್ಲ"

ಇದನ್ನೂ ಅಳಿಸಿದರು. ಫಲಿತಾಂಶ ಒತ್ತಿದರು. ಹಸಿರು ಬಂತು. ಆ ಹಸಿರು ಪುಟದ ಮೇಲೆ ಆರು ನಿಮಿಷ ಇದ್ದರು. 11.37ಕ್ಕೆ ಮುಚ್ಚಿದರು.

ನಾನು ಸ್ನಾನ ಮುಗಿಸಿ ಹೊರಬರುವ ಹೊತ್ತು. ಕೋಣೆಯೊಳಗೆ ಬರುತ್ತಿದ್ದ ಆ "ಯಾರೋ" ನಾನೇ. ಫಿಲ್ಟರ್ ಸರಿಯಿದ್ದಿದ್ದರೆ ನಮ್ಮ ಮನೆಯ ಭೇಟಿ ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ. ಟ್ಯಾಬು ಟಿವಿ ಪಕ್ಕದಲ್ಲೇ ಇದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದೆ.

ಅವರು ಹತ್ತನೇ ಪ್ರಶ್ನೆಯ ಹತ್ತಿರ ದಿನಾ ನಿಂತದ್ದು ನನಗಾಗಿ. ಅದನ್ನು ಕಿತ್ತುಹಾಕಿ, ಚಿಂತೆ ಬೇಡ ಅಂತ ಹೇಳಿ, ಬಸ್ ಹತ್ತಿಸಿ ಕಳಿಸಿದ್ದೂ ನಾನೇ. ಏನಿರುತ್ತೆ ಅತ್ತೆ.

ಅದೇ ದಿನ, 5.40

ಮಾಡಿದ್ದು: ಹತ್ತನೇ ಪ್ರಶ್ನೆ ವಾಪಸ್ ಹಾಕಿದೆ. ಚೌಕಕ್ಕೆ ಮರೆ ಹಾಕಿದೆ, ಮರೆಯಿಲ್ಲದ ರೆಕಾರ್ಡಿಂಗ್ ಎಲ್ಲವನ್ನೂ ಅಳಿಸಿದೆ. ಅತ್ತೆಯದನ್ನೂ. ಅಳಿಸುವ ಮುಂಚೆ ಇನ್ನೊಂದು ಸಲ ನೋಡಿದೆ, ಅದನ್ನೂ ಬರೆದಿಡುತ್ತೇನೆ.

ಆ ಹತ್ತು ದಿನದಲ್ಲಿ ಒಂಬತ್ತೇ ಪ್ರಶ್ನೆಗೆ ಉತ್ತರ ಕೊಟ್ಟು ಹೋದವರು 212. ಡಾಕ್ಟರಮ್ಮನಿಗೆ ಫೋನ್ ಮಾಡಿ ನಿಜ ಹೇಳಿದೆ. ಟೆಕ್ನಿಕಲ್ ಅಲ್ಲ ಮೇಡಂ, ನಾನೇ ತೆಗೆದದ್ದು, ನಿಮಗೆ ಹೇಳದೆ. ಆ ಕಡೆ ಪೆನ್ನಿನ ಮುಚ್ಚಳ ತೆಗೆದ ಸದ್ದು. ಆಮೇಲೆ, "ನಂಬರ್ ಕೊಟ್ಟಿರೋರು ಎಷ್ಟು ಜನ?" ಅಂದರು. ಮೂವತ್ತೊಂದು. "ಇವತ್ತೇ ಎಲ್ಲರಿಗೂ ಮಾಡ್ತೀವಿ. ಉಳಿದೋರು?"

ಉಳಿದ 181 ಜನ ಬರೀ ಅಂಕಿ. ಆದರೆ ವಾಪಸ್ ಬಂದರೆ ಸೈಟ್ ಗುರುತು ಹಿಡಿಯುತ್ತದೆ. ಅಂಗಡಿಯವರು ಅರ್ಧಕ್ಕೆ ಬಿಟ್ಟುಹೋದ ಗಿರಾಕಿಯನ್ನು ಹಿಂಬಾಲಿಸುವ ಅದೇ ಉಪಾಯ. ಅವರಿಗೆ ಮಾತ್ರ ಕಾಣುವ ಹಾಗೆ ಮೇಲೆ ಒಂದು ಪಟ್ಟಿ ಹಾಕಿದೆ: "ಹೋದ ಸಲ ನೀವು ಬಂದಾಗ ಒಂದು ಪ್ರಶ್ನೆ ಕೇಳುವುದನ್ನು ನಾವು ಬಿಟ್ಟಿದ್ದೆವು. ತಪ್ಪು ನಮ್ಮದು. ಈಗ ಕೇಳಬಹುದೇ?" ಪಕ್ಕದಲ್ಲಿ ಕ್ಲಿನಿಕ್ಕಿನ ನಂಬರ್.

ಇಲ್ಲಿಯವರೆಗೆ ಒಂಬತ್ತು ಜನ ಬಂದಿದ್ದಾರೆ. ಎಷ್ಟು ಜನ ಬರುವುದೇ ಇಲ್ಲವೋ.

ಪರ್ಸೆಂಟಣ್ಣ: "ಮೇಡಂ, ನಲವತ್ತೊಂದು ಇದ್ದದ್ದು ಮಧ್ಯಾಹ್ನದಿಂದ ಇಪ್ಪತ್ತಕ್ಕೆ ಬಿತ್ತಲ್ಲ, ಏನಾಯ್ತು?" ಬೀಳಲಿ ಸರ್ ಅಂದೆ.

ಪುಟ್ಟಿ ಎದ್ದಳು.

ಅದೇ ದಿನ, 6.30

ಕೆಲಸ ಮುಗಿದಿಲ್ಲ. 212ರಲ್ಲಿ ನನ್ನ ಮನೆಯದೂ ಒಂದು.

ಫಾರ್ಮ್ ತೆಗೆದೆ. ಟೆಸ್ಟಿಗಲ್ಲ. ನಿಧಾನವಾಗಿ, ಅತ್ತೆಯ ಹಾಗೆ. ಒಂಬತ್ತಕ್ಕೆ ಬಂದಾಗ ಹತ್ತೊಂಬತ್ತು ಅಂಕ. ಅತ್ತೆ ನನ್ನಲ್ಲಿ ಕಂಡದ್ದು ಹನ್ನೊಂದು. ಎಂಟು ಅಂಕ ಅವರಿಂದ ಅಡಗಿಸಿದ್ದೇನೆ. ಐದು ತಿಂಗಳು, ಒಂದೇ ಮನೆಯಲ್ಲಿ.

ಹತ್ತನೆಯದು. ಮೊದಲ ಆಯ್ಕೆಯ ಮೇಲೆ ಬೆರಳು ಅಭ್ಯಾಸಕ್ಕೆ ಹೋಯಿತು. ತೆಗೆದೆ.

ಮುಚ್ಚಿದೆ. ಅತ್ತೆಗೆ ಫೋನ್ ಮಾಡಿದೆ. ಏನು ಹೇಳಬೇಕೋ ಗೊತ್ತಾಗದೆ, "ಅತ್ತೆ, ಕಾಲುಚೀಲ..." ಅಂದೆ. ಅವರು ಮುಂದಿನದಕ್ಕೆ ಕಾಯಲಿಲ್ಲ.

"ಮಗು ಕೈಯಲ್ಲಿದೆಯಾ?"

"ಹ್ಞೂಂ."

"ಇಬ್ರೂ ಪಕ್ಕದ ಮನೆಗೆ ಹೋಗಿ ಕೂತ್ಕೊಳ್ಳಿ. ಅವನಿಗೆ ಈಗಲೇ ಮನೆಗೆ ಬಾ ಅಂತ ನಾನು ಫೋನ್ ಮಾಡ್ತೀನಿ. ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ನಾನಿರ್ತೀನಿ."

"ನಿಮ್ಮ ಗಿಡಗಳು..."

"ಗಿಡಕ್ಕೆ ಕಾಲಿಲ್ಲ, ಎಲ್ಲೂ ಹೋಗಲ್ಲ. ನೀನು ಹೊರಡು ಮೊದಲು."

ಚಪ್ಪಲಿ ಹಾಕಿಕೊಂಡೇ ಬರೆಯುತ್ತಿದ್ದೇನೆ. ಹೊರಟೆ.

ಮಾರ್ಚ್ 20, ಶುಕ್ರವಾರ. 11.05

ಇವರು ರಜೆ ಹಾಕಿ ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದಾರೆ. ನಿನ್ನೆ ಬಂದವರು ಒಂದೇ ಮಾತು ಕೇಳಿದರು, "ನಂಗ್ಯಾಕೆ ಹೇಳ್ಲಿಲ್ಲ?" ನಾನು ಪುಟ್ಟಿಯನ್ನು ಅವರ ಕೈಗೆ ಕೊಟ್ಟೆ.

ಅತ್ತೆ ಎಂಟಕ್ಕೇ ಬಂದರು. ಬ್ಯಾಗ್ ಇಳಿಸದೆ ನನ್ನ ಪಕ್ಕ ಮಂಚದ ಮೇಲೆ ಕೂತರು. ಎಲ್ಲ ಹೇಳಿದೆ. ನೀವು ಬರೆದು ಅಳಿಸಿದ್ದನ್ನು ಕದ್ದು ಓದಿದೆ ಅತ್ತೆ. ನೀವು ನಿಲ್ಲುತ್ತಿದ್ದ ಪ್ರಶ್ನೆ ನಾನೇ ತೆಗೆದೆ. ನಿಮಗೆ ಸುಳ್ಳು ಹಸಿರು ತೋರಿಸಿದೆ.

ಅವರು ಸ್ವಲ್ಪ ಹೊತ್ತು ಸೆರಗಿನ ತುದಿ ಮಡಿಸಿದರು. "ನಾನೂ ಕದ್ದೇ ತುಂಬ್ತಿದ್ದೆನಲ್ಲ. ನಿನ್ನ ಹೆಸರಲ್ಲಿ, ನಿನ್ನ ಬೆನ್ನ ಹಿಂದೆ. ಹಸಿರು ಬಂದಾಗ ಬಡಬಡಾಂತ ನಂಬ್ಬಿಟ್ಟೆ. ಯಾಕೆ ಗೊತ್ತಾ? ನಂಗೆ ಮನೆಗೆ ಹೋಗೋ ಆಸೆ ಇತ್ತು."

ಇಬ್ಬರೂ ಕಳ್ಳರೇ. ನಗು ಬರಲಿಲ್ಲ. ಬಂದ ಹಾಗಾಯಿತು.

ಈಗ ಟ್ಯಾಬು ನಮ್ಮಿಬ್ಬರ ನಡುವೆ. ಮೇಲೆ ಪಟ್ಟಿ ಕಾಣುತ್ತಿದೆ — ಒಂದು ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೆವು. ನಾನೇ ಬರೆದದ್ದು. ನನಗೇ ಬಂದಿದೆ.

"ನೋಡ್ಲೋ, ಆ ಕಡೆ ತಿರುಗ್ಲೋ?" ಅಂದರು ಅತ್ತೆ.

"ನೋಡಿ."

ಒತ್ತಿದೆ. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಅತ್ತೆ ನೋಡಿದರು. ನನ್ನ ಎಡಗೈ ಹಿಡಿದುಕೊಂಡರು, ಅಷ್ಟೇ. ಬಿಟ್ಟಿಲ್ಲ. ಅವರ ಫೋನಿಗೆ ಕಾಯುವುದು ಬೇಡ, ಡಾಕ್ಟರಮ್ಮನಿಗೆ ನಾವೇ ಮಾಡೋಣ ಅಂದೆ. ಫೋನನ್ನು ಸ್ಪೀಕರಿನಲ್ಲಿ ತೊಡೆಯ ಮೇಲೆ ಇಟ್ಟಿದ್ದೇನೆ. ಬಲಗೈಗೆ ಏನಾದರೂ ಕೆಲಸ ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ರಿಂಗ್ ಆಗುತ್ತಿದೆ. ಮೂರು. ನಾಲ್ಕು. ಐದನೆಯದಕ್ಕೆ ಇಟ್ಟುಬಿಡೋಣ ಅನ್ನಿಸುತ್ತಿದೆ. ಅತ್ತೆ ತಲೆಯಾಡಿಸಿದರು, ಬೇಡ. ಎತ್ತಿದರು —

"ಹಲೋ, ಹೇಳಮ್ಮ."

ಮೇಡಂ, ಇವತ್ತು ನಾನು ಕೆಲಸದ ವಿಷಯಕ್ಕೆ